ನಲವತ್ತೆಂಟು ಬಿಲ್ಲೆಗಳ ಹಲಗೆ

ಹುಲಿಗೆಮ್ಮನಿಗೆ ಸಾಕಾಗಿತ್ತು. ಮೊಣಕಾಲು ನೋವು ಸಾಕಾಗಿತ್ತು, ನೆಲಕ್ಕೆ ಅಂಟಿಸಿ ಅಂಟಿಸಿ ನಡೆಯಬೇಕಾದ ಅಯಸ್ಕಾಂತದ ಚಪ್ಪಲಿ ಸಾಕಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗಾದರೆ ಬಾಗಿಲಿಗೆ ಬಂದು ನಿಲ್ಲುವ ಸಿನಿಮಾದವರು ಸಾಕಾಗಿದ್ದರು. ಭೂಮಿಯಿಂದ ಹನ್ನೊಂದು ತಿಂಗಳು ಪ್ರಯಾಣ ಮಾಡಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದು ಹೇಗೆ? ಕರೆದು ಕೂರಿಸಿ ಚಹಾ ಕೊಡುತ್ತಿದ್ದಳು. ಚಹಾ ಕುಡಿದು ಅವರು ಅದೇ ಮಾತು ಎತ್ತುತ್ತಿದ್ದರು.

ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಲಕ್ಷಾಂತರ ಕಲ್ಲುಗಳಲ್ಲಿ ಇದೂ ಒಂದು. ನಕ್ಷೆಯಲ್ಲಿ ಅದಕ್ಕೊಂದು ಉದ್ದನೆಯ ಸಂಖ್ಯೆ ಇದೆ. ರಾಯಚೂರು ಸೀಮೆಯಲ್ಲಿ ಗಣಿ ಕೆಲಸ ಕಲಿತು ಇಲ್ಲಿಗೆ ಬಂದ ಜನ ಮಾತ್ರ ಅದನ್ನು ಗುಂಡು ಎಂದರು, ಹೆಸರು ನಿಂತಿತು. ಗುಂಡಿನ ಹೊಟ್ಟೆಯೊಳಗೆ ಮಂಜುಗಡ್ಡೆ. ಅದನ್ನು ಕರಗಿಸಿ ನೀರು ಮಾಡಿ ಹೋಗಿಬರುವ ನೌಕೆಗಳಿಗೆ ತುಂಬಿಸುವುದು ಊರಿನ ಕಸುಬು. ಇಲ್ಲಿಯ ಕಪ್ತಾನ ಅಮರೇಗೌಡನ ಮೇಲೆ ಎರಡು ಸಿನಿಮಾ ಆಗಲೇ ಬಂದಿದ್ದವು. ಎಂಜಿನ್ ಸುಟ್ಟ ನೌಕೆಯಲ್ಲಿ ಮುನ್ನೂರು ಜನರನ್ನು ಅವನು ಈ ಕಲ್ಲಿಗೆ ತಂದು ಇಳಿಸಿದ್ದು ಮೊದಲನೆಯದು. ಬರಿಗಲ್ಲಿನ ಮೇಲೆ ಊರು ಕಟ್ಟಿದ್ದು ಎರಡನೆಯದು. ಈಗ ಮೂರನೆಯದು, ‘ಕಪ್ತಾನನ ಪತನ’. ಏಳನೇ ಸುರಂಗದಲ್ಲಿ ಆರು ಜನ ಇರುವಾಗಲೇ ಅವನು ಬಾಗಿಲು ಹಾಕಿಸಿ ಬಿಸಿ ಹಬೆ ಬಿಡಿಸಿದ ದಿನದ ಕಥೆ.

ಆ ದಿನ ಹತೋಟಿ ಕೋಣೆಯಲ್ಲಿ ಇದ್ದವರು ಇಬ್ಬರೇ. ಒಬ್ಬ ಅಮರೇಗೌಡ. ಇನ್ನೊಬ್ಬಳು ಬಿಲ್ಲೆ ಹಲಗೆ ನೋಡಿಕೊಳ್ಳುತ್ತಿದ್ದ ಹುಲಿಗೆಮ್ಮ.

“ಅಜ್ಜಿ, ನೀವೇನೂ ಮಾತಾಡೋದು ಬೇಡ,” ಎಂದಳು ನಿರ್ದೇಶಕಿ ವೈಜಯಂತಿ. ಮೈಸೂರಿನವಳು, ಚುರುಕು ಹೆಂಗಸು. “ಕುರ್ಚೀಲಿ ಸುಮ್ನೆ ಕೂತ್ಕೊಂಡು ಆ ದಿನ ನೆನಪು ಮಾಡ್ಕೊಳ್ಳಿ. ಮಿಕ್ಕಿದ್ದು ಯಂತ್ರ ನೋಡ್ಕೊಳುತ್ತೆ.”

ನೆನಪಿನ ಕುರ್ಚಿ ಬಂದು ಆರೇಳು ವರ್ಷವಾಗಿತ್ತು. ತಲೆಗೆ ಕೂದಲಿನಷ್ಟು ಸಣ್ಣ ತಂತಿಗಳ ಟೋಪಿ ಹಾಕುತ್ತಾರೆ. ಕೂತವರು ಏನನ್ನಾದರೂ ನೆನೆದಾಗ ಮಿದುಳಿನಲ್ಲಿ ಎಲ್ಲೆಲ್ಲಿ ಮಿಂಚು ಹೊಳೆಯುತ್ತದೆ ಎಂದು ಯಂತ್ರ ಗುರುತು ಹಾಕಿಕೊಂಡು, ಆ ಜಾಗದ ಹಳೆಯ ಫೋಟೋಗಳ ಜೊತೆ ತಾಳೆ ನೋಡಿ, ಚಿತ್ರ ಕಟ್ಟುತ್ತದೆ. ನೆನಪು ಹೊಳೆಯುವ ಜಾಗ ಬೇರೆ, ಕಟ್ಟುಕಥೆ ಹೊಳೆಯುವ ಜಾಗ ಬೇರೆ. ಕೂತವರು ಸುಳ್ಳು ಹೆಣೆದರೆ ಚಿತ್ರದ ಅಂಚು ಕೆಂಪಾಗುತ್ತದೆ. ಹೀಗಾಗಿ ಭೂಮಿಯಲ್ಲಿ ಈಗ, ನಿಜವಾಗಿ ನಡೆದ ಸಂಗತಿಯ ಮೇಲೆ ಸಿನಿಮಾ ಮಾಡುವವರಿಗೆ, ಇದು ಅಸಲಿ ನೆನಪು ಎನ್ನುವ ಕುರ್ಚಿಯ ಮುದ್ರೆ ಬೇಕೇ ಬೇಕು. ಮುದ್ರೆ ಇಲ್ಲದ ಸಿನಿಮಾವನ್ನು ಜನ ಮೂಸಿಯೂ ನೋಡುವುದಿಲ್ಲ.

ವೈಜಯಂತಿ ಹೋದ ಮೇಲೆ ಸೊಸೆ ನಾಗವೇಣಿ ರೊಟ್ಟಿ ಬಡಿಯುತ್ತ ಕೇಳಿದಳು. “ಅತ್ತಿ, ನಮ್ಮಪ್ಪ ಅವತ್ತು ಕೆಳಗ ಇಳಿಯೋ ಮುಂದ ನಿಮ್ಮ ಎದುರಿಗೇ ಬಿಲ್ಲೆ ಹಾಕಿರ್ತಾನಲ್ಲ?”

“ಹೂನವ್ವ.”

“ಹಂಗಾದ್ರ ಚಿತ್ರದಾಗ ಬರ್ತಾನ. ನಂಗ ಆಗ ನಾಕು ವರ್ಷ. ಅಂವ ನಡಿಯೋದು, ನಗೋದು ಒಂದೂ ನೆನಪಿಲ್ಲ ನಂಗ. ಒಂದ್ಸಲ ಕುಂತು ಬರ್ರಿ ಅತ್ತಿ.”

ನಾಗವೇಣಿಯ ಅಪ್ಪ ದುರುಗಪ್ಪ ಆ ಆರು ಜನರಲ್ಲಿ ಒಬ್ಬ. ಅವಳನ್ನು ಸೊಸೆ ಮಾಡಿಕೊಂಡಿದ್ದು ಪಾಪ ತೊಳೆದುಕೊಳ್ಳಲು ಅಂತೇನೂ ಅಲ್ಲ. ಮಗ ಯಮನೂರ ಮತ್ತು ಅವಳು ತಾವೇ ಮೆಚ್ಚಿಕೊಂಡಿದ್ದರು. ಮಗ ನೀರಿನ ನೌಕೆ ಹತ್ತಿದರೆ ವರ್ಷಕ್ಕೊಮ್ಮೆ ಮನೆ ಕಾಣುವವನು. ಹದಿಮೂರು ವರ್ಷದಿಂದ ಈ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಬೇಯಿಸಿ ಉಂಡಿದ್ದರು, ಇಬ್ಬರೇ ಕಾಯಿಲೆ ಬಿದ್ದು ಎದ್ದಿದ್ದರು. ಇದನ್ನು ಕಳೆದುಕೊಂಡರೆ ತನಗೆ ಈ ಕಲ್ಲಿನ ಮೇಲೆ ಬೇರೇನೂ ಇಲ್ಲ ಎಂದು ಹುಲಿಗೆಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಗುಂಡಿನ ಬಿಲ್ಲೆ ಪದ್ಧತಿ ಹಳೆಯ ಗಣಿಗಳದ್ದೇ. ಗಣಿಯಲ್ಲಿ ದುಡಿಯುವವರು ನಲವತ್ತೆಂಟು ಜನ, ನಲವತ್ತೆಂಟು ಹಿತ್ತಾಳೆ ಬಿಲ್ಲೆ. ಹಲಗೆಯಲ್ಲಿ ಎರಡು ಸಾಲು ಮೊಳೆ, ಮೇಲೆ ಮತ್ತು ಕೆಳಗೆ. ಸುರಂಗಕ್ಕೆ ಇಳಿಯುವವನು ತನ್ನ ಬಿಲ್ಲೆಯನ್ನು ಕೆಳಸಾಲಿಗೆ ಹಾಕಬೇಕು, ಹತ್ತಿ ಬಂದವನು ಮೇಲ್ಸಾಲಿಗೆ. ಪಾಳಿಯ ಕೊನೆಗೆ ಹಲಗೆಯವಳು ಲೆಕ್ಕ ಕೂಗಬೇಕು. ಎಲ್ಲರೂ ಬಂದಿದ್ದರೆ ಕಪ್ತಾನ “ತಿಳೀತು, ಪಾಳಿ ಮುಗೀತು, ಬಾಗಿಲು ಹಾಕ್ರಿ” ಎನ್ನುತ್ತಾನೆ. ಒಬ್ಬನೇ ಕೆಳಗಿದ್ದರೂ “ತಿಳೀತು, ಬಾಗಿಲು ತೆರೆದಿರ್ಲಿ” ಎನ್ನುತ್ತಾನೆ. ಬಾಗಿಲು ಬಿದ್ದ ಮೇಲೆ ಸುರಂಗಕ್ಕೆ ಬಿಸಿ ಹಬೆ ಹೋಗುತ್ತದೆ, ಮಂಜು ಕರಗುತ್ತದೆ.

ಪದ್ಧತಿ ಸರಿಯಾಗಿಯೇ ಇತ್ತು. ಜನ ಮಾತ್ರ ನಮ್ಮವರೇ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಅಜ್ಜಂದಿರ ಮೊಮ್ಮಕ್ಕಳು ಗಾಳಿಯಿಲ್ಲದ ಕಲ್ಲಿಗೆ ಬಂದ ಮಾತ್ರಕ್ಕೆ ಬದಲಾಗುತ್ತಾರೆಯೇ? ಪಾಳಿ ಮುಗಿದಾಗ ಹಲಗೆಯ ಮುಂದೆ ಉದ್ದನೆಯ ಸಾಲು, ಕೈಗವಸು ಬಿಚ್ಚುವ ತಾಪತ್ರಯ. ಹೀಗಾಗಿ ಹತ್ತಿ ಬರುವ ದಾರಿಯಲ್ಲೇ ಅವರು ರೇಡಿಯೋದಲ್ಲಿ ಹೇಳಿಬಿಡುತ್ತಿದ್ದರು: “ಹುಲಿಗೆಮ್ಮಾ, ಹೊಂಟೀನಿ, ನಂದೊಂದು ಬಿಲ್ಲೆ ಮ್ಯಾಲೆ ಹಾಕಿಬಿಡವ್ವ.” ಅವಳು ಹಾಕುತ್ತಿದ್ದಳು. ಹಾಕದಿದ್ದರೆ ಬಿಗುಮಾನದವಳು ಎನ್ನಿಸಿಕೊಳ್ಳುತ್ತಿದ್ದಳು. ಕಪ್ತಾನನಿಗೂ ಇದು ಗೊತ್ತಿತ್ತು. ಕೆಲವು ಸಲ ಅವನ ಬಿಲ್ಲೆಯನ್ನೂ ಅವಳೇ ಹಾಕಿದ್ದುಂಟು.

ಆ ದಿನ ದುರುಗಪ್ಪ ಆರು ಜನರದ್ದು ಹಾಕು ಎಂದ. ಹಾಕಿದಳು. ಅವರು ಹತ್ತಿ ಬರುತ್ತಿದ್ದ ಬಂಡಿಯ ಹಗ್ಗ ನಡುದಾರಿಯಲ್ಲಿ, ರೇಡಿಯೋ ಮುಟ್ಟದ ತಿರುವಿನಲ್ಲಿ, ಸಿಕ್ಕಿಕೊಂಡಿದ್ದು ಯಾರಿಗೂ ತಿಳಿಯಲಿಲ್ಲ. ಕಪ್ತಾನ ಲೆಕ್ಕ ಕೇಳಿದ. “ನಲವತ್ತೆಂಟೂ ಮ್ಯಾಲೆ,” ಎಂದಳು ಹುಲಿಗೆಮ್ಮ.

ಆಗ ಗಣಿ ನಡೆಸುತ್ತಿದ್ದ ಕಂಪನಿಯ ತನಿಖೆಯವರು ಬರುವ ಮೊದಲು ಅಮರೇಗೌಡ ಆ ಆರು ಬಿಲ್ಲೆಗಳನ್ನು ತನ್ನ ಕೈಯಾರೆ ಕೆಳಸಾಲಿಗೆ ಹಾಕಿದ. ಆಗಿನ ನಿಯಮ ಕಠಿಣ. ತನ್ನ ಬಿಲ್ಲೆಯನ್ನು ಬೇರೆಯವರ ಕೈಯಲ್ಲಿ ಹಾಕಿಸಿದವನೇ ತಪ್ಪಿತಸ್ಥ, ಅವನ ಮನೆಯವರು ಮುಂದಿನ ನೌಕೆಯಲ್ಲಿ ಭೂಮಿಗೆ ವಾಪಸು. ಆರು ಮನೆಗಳಲ್ಲಿ ಹದಿನಾಲ್ಕು ಮಕ್ಕಳಿದ್ದರು. ಎಲ್ಲ ಗುಂಡಿನಲ್ಲೇ ಹುಟ್ಟಿದವು. ಹಗುರ ನೆಲದಲ್ಲಿ ಬೆಳೆದ ಆ ಎಲುಬುಗಳು ಭೂಮಿಯ ಭಾರಕ್ಕೆ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಅಮರೇಗೌಡ ಹುಲಿಗೆಮ್ಮನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ: “ನಾ ಲೆಕ್ಕ ಕೇಳಲಿಲ್ಲ, ನೀ ಹೇಳಲಿಲ್ಲ. ಅವಸರ ಮಾಡಿ ನಾನ ಬಾಗಿಲು ಹಾಕಿಸಿದೆ. ಇಷ್ಟು ನೆನಪಿಟ್ಕೋ, ಬ್ಯಾರೆ ಏನೂ ನೆನಪಿಟ್ಕೋಬ್ಯಾಡ.”

ಅವಳು ನೆನಪಿಟ್ಟುಕೊಂಡಳು. ತನಿಖೆಯಲ್ಲಿ ಹೇಳಿದಳು, ಆರು ಮನೆಯ ಹೆಂಗಸರ ಮುಂದೆ ಹೇಳಿದಳು, ವರ್ಷ ವರ್ಷ ಕೇಳಿದವರಿಗೆಲ್ಲ ಹೇಳಿದಳು. ಮೂವತ್ತು ವರ್ಷವಾಯಿತು. ಕಂಪನಿ ಬಿಟ್ಟುಹೋಗಿ ಹನ್ನೆರಡು ವರ್ಷ, ಆ ನಿಯಮವೂ ಅದರ ಜೊತೆಗೇ ಹೋಯಿತು. ಬಾಯಿ ಮುಚ್ಚಿಕೊಂಡಿರಲು ಈಗ ಹೆದರಿಕೆ ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ.

ಮರುದಿನ ಅವಳು ನೀರಿನ ಕೊಳವೆಗಳ ಓಣಿಗೆ ಹೋದಳು. ಅಮರೇಗೌಡ ಗೋಡೆಗೆ ಒರಗಿ ಕೊಳವೆಯ ಸುಣ್ಣ ಕೆರೆಯುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ. ಪದವಿ ಹೋದಂದಿನಿಂದ ಇದೇ ಕೆಲಸ. ಅವನು ನಲ್ಲಿಯ ಹತ್ತಿರ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಮಕ್ಕಳ ಆಟದಲ್ಲಿ ಬಾಗಿಲು ಹಾಕಿ ಓಡುವ ಕಳ್ಳನಿಗೆ ಅಮರೇಗೌಡ ಎಂದೇ ಹೆಸರು. ಅವನು ಪಕ್ಕದಲ್ಲೇ ಹೋಗುವಾಗಲೂ ಆ ಮಕ್ಕಳು ಹಾಗೆ ಕೂಗಿಕೊಳ್ಳುತ್ತಿದ್ದವು. ಅದು ಕಿವಿಗೆ ಬಿದ್ದಾಗಲೆಲ್ಲ ಹುಲಿಗೆಮ್ಮ ಬೇರೆ ಓಣಿ ಹಿಡಿಯುತ್ತಿದ್ದಳು.

“ಕುರ್ಚಿಗೆ ಕುಂದರ್ತೀನ್ರಿ ಕಪ್ತಾನ್ರ,” ಎಂದಳು. “ಇದ್ದದ್ದು ಇದ್ದಂಗ ಹೊರಗ ಬರ್ಲಿ.”

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. “ಯಾಕವ್ವ ಈಗ? ನಂಗ ರೂಢಿ ಆಗೈತಿ.”

“ನಂಗ ಆಗಿಲ್ರಿ.”

“ಸೊಸಿ?”

“ಅದಕ್ಕ ಇಷ್ಟು ವರ್ಷ ಹೆದರಿದ್ದು. ಸಾಕಾತು. ಹೆದರಿ ಹೆದರಿ ಮೈಯಾಗ ಏನೂ ಉಳಿದಿಲ್ಲ.”

ಅಮರೇಗೌಡ ಕೆರೆಯುವ ಉಳಿ ಕೆಳಗಿಟ್ಟು ಅವಳನ್ನು ನೋಡಿದ. ಅವಳು ತಿರುಗಿ ಹೊರಟಾಗ, ಓಣಿಯಲ್ಲಿ ನೀರು ಸೋರಿದೆ, ನೋಡಿಕೊಂಡು ಹೋಗು ಎಂದ.

ಕುರ್ಚಿಯನ್ನು ಹಳೆಯ ಹತೋಟಿ ಕೋಣೆಯಲ್ಲೇ ಇಟ್ಟಿದ್ದರು. ಹುಲಿಗೆಮ್ಮ ಟೋಪಿ ಹಾಕಿಸಿಕೊಂಡು ಕಣ್ಣು ಮುಚ್ಚಿದಳು. ಎಲ್ಲವನ್ನೂ ನೆನೆದಳು. ಪಾಳಿ ಶುರುವಾದಾಗ ದುರುಗಪ್ಪ ಬಿಲ್ಲೆ ಹಾಕಿ ನಕ್ಕಿದ್ದು, ಕಪ್ತಾನನ ಬೆನ್ನು, ಗಡಿಯಾರ, ಬಾಗಿಲು ಹಾಕಲು ಒತ್ತುವ ಗುಂಡಿ. ಅರ್ಧ ಗಂಟೆಯಲ್ಲಿ ಬೆವರು ಕಿತ್ತುಬಂತು. ಕಣ್ಣು ಬಿಟ್ಟಾಗ ಎದುರಿನ ಪರದೆಯಲ್ಲಿ ಚಿತ್ರ ಓಡುತ್ತಿತ್ತು. ವೈಜಯಂತಿ ಕೈ ಕಟ್ಟಿಕೊಂಡು ನಿಂತಿದ್ದಳು, ಅವಳ ಮುಖ ಅರಳಿತ್ತು.

ಪರದೆಯಲ್ಲಿ ಕಪ್ತಾನ ಗಡಿಯಾರ ನೋಡಿದ. ಹಲಗೆಯ ಕಡೆ ತಿರುಗಲೂ ಇಲ್ಲ. ಲೆಕ್ಕ ಕೇಳಲಿಲ್ಲ. “ಬಾಗಿಲು ಹಾಕ್ರಿ,” ಎಂದು ತಾನೇ ಗುಂಡಿ ಒತ್ತಿದ. ಕೆಳಸಾಲಿನಲ್ಲಿ ಆರು ಬಿಲ್ಲೆ ತೂಗುತ್ತಿದ್ದವು. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಅಂಚಿನಲ್ಲಿ ಎಲ್ಲಿಯೂ ಕೆಂಪು ಇರಲಿಲ್ಲ.

“ಇದಲ್ಲ,” ಎಂದಳು ಹುಲಿಗೆಮ್ಮ. “ಹಿಂಗ ಆಗಿಲ್ಲ. ಅವರು ಕೇಳಿದ್ರು. ನಾ ನಲವತ್ತೆಂಟು ಅಂದೆ. ಬಿಲ್ಲೆ ನಾನ ಹಾಕಿದ್ದೆ.”

ವೈಜಯಂತಿ ಅವಳ ಭುಜ ಸವರಿದಳು. “ಸುಸ್ತಾಗಿದೀರಾ ಅಜ್ಜಿ. ಸ್ವಲ್ಪ ನೀರು ಕುಡೀರಿ.”

“ಮತ್ತೊಂದ್ಸಲ ಹಾಕು ಟೋಪಿ.”

ಎರಡನೆಯ ಸಲ ಅವಳು ಹಲ್ಲು ಕಚ್ಚಿ ನಿಜವನ್ನೇ ಹುಡುಕಿದಳು. ದುರುಗಪ್ಪನ ದನಿ ಹೇಗಿತ್ತು? ಯಾವ ಕೈಯಲ್ಲಿ ಬಿಲ್ಲೆ ಎತ್ತಿದ್ದೆ? ಕಪ್ತಾನ ಆಗ ನಿಂತಿದ್ದನೇ, ಕೂತಿದ್ದನೇ? ಮೂವತ್ತು ವರ್ಷ ತಲೆಗೆ ಬಂದಾಗಲೆಲ್ಲ ಆಚೆ ತಳ್ಳಿದ್ದ ಆ ಗಳಿಗೆ ಈಗ ಕರೆದರೆ ಬರಲಿಲ್ಲ. ಗೊತ್ತಿದ್ದದ್ದನ್ನು ಒಂದಕ್ಕೊಂದು ಸೇರಿಸಿ ತಾನೇ ಜೋಡಿಸಿಕೊಳ್ಳಬೇಕಾಯಿತು. ಪರದೆಯ ಮೇಲೆ ಬಂದದ್ದು ಕದಡಿದ ಚಿತ್ರ. ಮುಖಗಳು ಅಲುಗಾಡುತ್ತಿದ್ದವು. ಸುತ್ತ ಅಂಚೆಲ್ಲ ಕೆಂಪು.

“ನೋಡಿ, ಅಂಚು ಕೆಂಪಾಗಿದೆ,” ಎಂದಳು ವೈಜಯಂತಿ ಮೃದುವಾಗಿಯೇ. “ಅವರನ್ನ ಉಳಿಸಬೇಕು ಅಂತ ನಿಮಗೆ ಆಸೆ. ಒಳ್ಳೆ ಮನಸ್ಸು. ಆದ್ರೆ ಯಂತ್ರ ಅದನ್ನ ಒಪ್ಪಲ್ಲ ಅಜ್ಜಿ. ಮೊದಲನೇದಕ್ಕೇ ಮುದ್ರೆ ಬಿದ್ದಾಯ್ತು.”

ಹುಲಿಗೆಮ್ಮ ಟೋಪಿಯನ್ನು ತಾನೇ ತೆಗೆದಿಟ್ಟಳು. ಕಪ್ತಾನ ನೆನಪಿಟ್ಟುಕೋ ಎಂದದ್ದನ್ನು ತಾನು ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡೆ ಎಂದು ಅವಳಿಗೆ ನಗು ಬರುವ ಹಾಗಾಯಿತು. ಬಂದದ್ದು ನಗುವಲ್ಲ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಬಂದಳು.

ನಾಗವೇಣಿ ಕಾಯುತ್ತಿದ್ದಳು. “ಅಪ್ಪ ಬಂದ್ನಾ?”

“ಬಂದ. ನಕ್ಕ. ಎಡಗಡಿ ಹಲ್ಲು ಒಂದು ಮುರಿದಿತ್ತು ಅವಗ, ಅದೂ ಕಾಣ್ತು.” ಹುಲಿಗೆಮ್ಮ ಒಲೆಯ ಪಕ್ಕ ಕೂತಳು. “ಕುಂದ್ರು ಇಲ್ಲಿ. ಯಂತ್ರಕ್ಕ ತಿಳೀದಿದ್ದು ಒಂದೈತಿ. ಅದನ್ನ ಬಾಯಿಲೆ ಹೇಳ್ಬೇಕು.”

ಹೇಳಿದಳು. ಮಧ್ಯೆ ನಿಲ್ಲಿಸಲಿಲ್ಲ, ಅಳಲಿಲ್ಲ, ಯಾರ ಮೇಲೂ ಹೊರಿಸಲಿಲ್ಲ. ತವೆಯ ಮೇಲಿದ್ದ ರೊಟ್ಟಿ ಕರಕಲಾಯಿತು. ನಾಗವೇಣಿ ಅದನ್ನು ತೆಗೆದು ಪಕ್ಕಕ್ಕಿಟ್ಟು ಒಲೆ ಆರಿಸಿದಳು.

“ಯಂತ್ರ ಏನಂತೈತಿ?” ಎಂದು ಕೇಳಿದಳು.

“ನಾ ಈಗ ಹೇಳಿದ್ದು ಸುಳ್ಳು ಅಂತೈತಿ.”

“ನಾ ಯಾವುದನ್ನ ನಂಬ್ಲಿ?”

“ನಿಂಗ ಬಿಟ್ಟದ್ದವ್ವ. ನಂಗ ಹೇಳೋದಿತ್ತು, ಹೇಳೀನಿ.”

ಅಂದಿನಿಂದ ನಾಗವೇಣಿ ಅತ್ತೆಯ ಜೊತೆ ಮಾತು ಬಿಟ್ಟಳು. ತಟ್ಟೆಗೆ ಬಡಿಸುತ್ತಿದ್ದಳು, ಮೊಣಕಾಲಿನ ಔಷಧಿ ತಪ್ಪದೆ ತಂದಿಡುತ್ತಿದ್ದಳು, ಒಂದು ಮಾತಿಲ್ಲ. ಬೈದು ಮನೆಯಿಂದ ಹೊರಗೆ ಹಾಕಿದ್ದರೆ ಇದಕ್ಕಿಂತ ಸುಲಭವಿತ್ತು. ಐದು ತಿಂಗಳು ಹೀಗೇ ನಡೆಯಿತು. ಹುಲಿಗೆಮ್ಮ ಒಂದು ದಿನವೂ ಅದನ್ನು ಅನ್ಯಾಯ ಎಂದುಕೊಳ್ಳಲಿಲ್ಲ. ಸುಮ್ಮನೆ ದಣಿದಳು.

ಸಿನಿಮಾವನ್ನು ಮೊದಲು ತೋರಿಸಿದ್ದು ಗುಂಡಿನಲ್ಲೇ. ಏಳನೇ ಸುರಂಗದ ಬಾಯಿಯ ಹತ್ತಿರ, ಗಣಿಯವರು ಹಿಂದೆ ತಮ್ಮ ದೀಪಗಳನ್ನು ಇಡುತ್ತಿದ್ದ ಕೋಣೆಯೇ ಈಗ ಊರ ಸಭಾಂಗಣ. ಅದರ ಬಾಗಿಲ ಪಕ್ಕದಲ್ಲಿ ಹಳೆಯ ಬಿಲ್ಲೆ ಹಲಗೆಯನ್ನು ಇಟ್ಟಿದ್ದರು. ಮೇಲ್ಸಾಲಿನಲ್ಲಿ ನಲವತ್ತೆರಡು, ಕೆಳಸಾಲಿನಲ್ಲಿ ಆರು. ಆ ದುರಂತದ ಮರುದಿನದಿಂದ ಗುಂಡಿನಲ್ಲಿ ಯಾರೂ ಇನ್ನೊಬ್ಬರ ಬಿಲ್ಲೆ ಮುಟ್ಟುವುದಿಲ್ಲ, ಮಕ್ಕಳೂ ಸಹ. ಸತ್ತವರದ್ದಾದರೆ ಅವರ ಮನೆಯವರಿಗೆ ಮಾತ್ರ ಆ ಹಕ್ಕು. ಆರು ಮನೆಯವರೂ ಮೂವತ್ತು ವರ್ಷದಲ್ಲಿ ಅವನ್ನು ಮುಟ್ಟಿರಲಿಲ್ಲ.

ಮಧ್ಯಾಹ್ನದ ಪಾಳಿಗೆ ರಜೆ ಕೊಟ್ಟು ಊರಿಗೆ ಊರೇ ಬಂದು ಕೂತಿತ್ತು. ನಾಗವೇಣಿ ಮುಂದಿನ ಸಾಲಿನಲ್ಲಿ, ಉಳಿದ ಐದು ಮನೆಯವರ ಜೊತೆ. ಹುಲಿಗೆಮ್ಮ ನಡುವೆ ಎಲ್ಲೋ. ಹಿಂದಿನ ಗೋಡೆಗೆ ಒರಗಿ, ಗಾಳಿ ಕೊಳವೆಯ ಕೆಲಸದ ನೆಪದಲ್ಲಿ, ಅಮರೇಗೌಡ ನಿಂತಿದ್ದ.

ಸಿನಿಮಾ ಚೆನ್ನಾಗಿಯೇ ಇತ್ತು, ಅದನ್ನು ಹೇಳಲೇಬೇಕು. ಕಪ್ತಾನನ ಪಾತ್ರದವನು ಎತ್ತರದ ಆಳು, ಗಟ್ಟಿ ಗಂಟಲು. ಹೊಗಳಿಕೆ ಹೇಗೆ ಸ್ವಲ್ಪ ಸ್ವಲ್ಪವಾಗಿ ಅವನ ತಲೆಗೇರಿತು, ಹೇಗೆ ಅವನು ಯಾರ ಮಾತನ್ನೂ ಕೇಳದವನಾದ ಎಂದು ತೋರಿಸಿದ್ದರು. ಜನ ಉಸಿರು ಬಿಗಿಹಿಡಿದು ನೋಡಿದರು. ಕುರ್ಚಿಯ ಚಿತ್ರ ಬರುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಮುದ್ರೆ ಮೂಡಿತು, ಇದು ಸಾಕ್ಷಿಯ ನೆನಪು ಎಂದು. ದುರುಗಪ್ಪ ಬಂದ, ಬಿಲ್ಲೆ ಹಾಕಿದ, ಮುರಿದ ಹಲ್ಲು ತೋರಿಸಿ ನಕ್ಕ. ಮುಂದಿನ ಸಾಲಿನಲ್ಲಿ ನಾಗವೇಣಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡದ್ದು ಹುಲಿಗೆಮ್ಮನಿಗೆ ಕಂಡಿತು.

ಆಮೇಲೆ ಆ ಗಳಿಗೆ. ಪರದೆಯ ಕಪ್ತಾನ ಗಡಿಯಾರ ನೋಡಿದ. ಹಲಗೆಯ ಕಡೆ ತಿರುಗದೆ ಗುಂಡಿಯ ಕಡೆ ಕೈ ಚಾಚಿದ.

ಹುಲಿಗೆಮ್ಮ ಎದ್ದು ನಿಂತಳು. ಏಳಬೇಕೆಂದು ಮೊದಲೇ ನಿಶ್ಚಯ ಮಾಡಿಕೊಂಡು ಬಂದವಳಲ್ಲ. ಮೊಣಕಾಲು ನೋಯುತ್ತಿತ್ತು, ಮುಂದಿನವನ ಭುಜ ಹಿಡಿದು ನಿಂತಳು. ಪಾಳಿಯ ಕೊನೆಗೆ ಹಲಗೆಯವಳು ಕೂಗುವ ದನಿಯಲ್ಲಿ, ಸುರಂಗದ ಬಾಯಿಗೆ ಮುಟ್ಟುವ ಹಾಗೆ, ಲೆಕ್ಕ ಕೂಗಿದಳು.

“ನಲವತ್ತೆರಡು ಮ್ಯಾಲೆ. ಆರು ಕೆಳಗ.”

ಜನ ತಿರುಗಿ ನೋಡಿದರು. ಯಾರೋ ಕೂತುಕೋ ಎಂದರು. ಮುದುಕಿಗೆ ತಲೆ ಕೆಟ್ಟಿದೆ ಎಂದು ಇನ್ನೊಬ್ಬರು ಪಿಸುಗುಟ್ಟಿದರು. ವೈಜಯಂತಿ ಗಾಬರಿಯಾಗಿ ಸಿನಿಮಾ ನಿಲ್ಲಿಸಲು ಕೈ ಮಾಡಿದಳು. ಚಿತ್ರದ ಕಪ್ತಾನನ ಬೆರಳು ಗುಂಡಿಯ ಮೇಲೆ ಹಾಗೇ ನಿಂತುಬಿಟ್ಟಿತು.

ಲೆಕ್ಕ ಕೂಗಿದ ಮೇಲೆ ಉತ್ತರ ಬರುವ ತನಕ ಹಲಗೆಯವಳು ಕೂರುವ ಹಾಗಿಲ್ಲ. ಹುಲಿಗೆಮ್ಮ ನಿಂತೇ ಇದ್ದಳು.

“ತಿಳೀತು,” ಎಂದಿತು ಹಿಂದಿನ ಗೋಡೆಯ ಕಡೆಯಿಂದ ಒಂದು ಸವೆದ ದನಿ. ಅಮರೇಗೌಡ ಗಂಟಲು ಸರಿಮಾಡಿಕೊಂಡ. “ಬಾಗಿಲು ತೆರೆದಿರ್ಲಿ. ಆರೂ ಮಂದಿ ಬರೋತನಕ ಪಾಳಿ ಮುಗಿಯಂಗಿಲ್ಲ.”

ಮುಂದಿನ ಸಾಲಿನಲ್ಲಿ ನಾಗವೇಣಿ ಎದ್ದಳು. ಅತ್ತೆಯ ಪಕ್ಕದಲ್ಲೇ ಹಾದು ಹೋದಳು, ಮುಖ ನೋಡಲಿಲ್ಲ. ಬಾಗಿಲ ಹತ್ತಿರ ಹೋಗಿ ಹಲಗೆಯ ಮುಂದೆ ನಿಂತಳು. ಆಮೇಲೆ ಹಿತ್ತಾಳೆ ಬಿಲ್ಲೆಯೊಂದು ಮೊಳೆಯಿಂದ ಬಿಡುವ ಸದ್ದು, ಮೇಲಿನ ಮೊಳೆಗೆ ಬೀಳುವ ಸದ್ದು, ಇಡೀ ಸಭಾಂಗಣಕ್ಕೆ ಕೇಳಿಸಿತು.

“ನಮ್ಮಪ್ಪಂದು ನಾ ಹಾಕೀನಿ,” ಎಂದಳು ನಾಗವೇಣಿ, ಹಲಗೆಯ ಕಡೆಗೇ ಮುಖ ಮಾಡಿಕೊಂಡು. “ಉಳಿದವು ಅವರವರ ಮನಿಯವ್ರು ಬಂದು ಹಾಕ್ಲಿ. ಲೆಕ್ಕ ಹೇಳ್ರಿ, ಅತ್ತಿ.”

ಐದು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಹುಲಿಗೆಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು. ಲೆಕ್ಕ ಕೂಗಿದಳು.

“ನಲವತ್ಮೂರು ಮ್ಯಾಲೆ. ಐದು ಕೆಳಗ.”